ಹಳದಿ ವಿಮಾನದ ಪಂಚನಾಮೆ

ಅವರ ಹೆಸರು ಬರೆಯುವುದಿಲ್ಲ. ಬೇಕಾದವರು ಯಲಬುರ್ಗಾ ತಾಲ್ಲೂಕಿನ ಯಾವುದಾದರೂ ಹೊಲದ ಹಳೆಯ ನಕ್ಷೆ ತೆಗೆಸಿ ನೋಡಬಹುದು. ಕೆಳಗೆ ಬಲಮೂಲೆಯಲ್ಲಿ ಗುಂಡಗಿನ, ಸ್ವಲ್ಪವೂ ಅವಸರವಿಲ್ಲದ ಸಣ್ಣ ಸಹಿಯೊಂದು ಇರುತ್ತದೆ. ಅದು ಅವರದು. ನಾವೆಲ್ಲ ಅವರನ್ನು ಸರ್ವೇಯರ್ ಸಾಹೇಬರು ಎನ್ನುತ್ತಿದ್ದೆವು. ಅದೇ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತರೆ ಮೊದಲು ನನ್ನ ಬಗ್ಗೆಯೇ ಒಂದು ಸಂಗತಿ ಹೇಳಬೇಕಾಗುತ್ತದೆ. ಅವರು ಕೈಯಾರೆ ಕಟ್ಟಿ ಹಾರಿಸುತ್ತಿದ್ದ ಹಳದಿ ವಿಮಾನವನ್ನು ಕೆಡವಿದವನು ನಾನು. ಹದಿನೆಂಟು ವರ್ಷ ಅದು ಅವರಿಗೆ ಗೊತ್ತಿರಲಿಲ್ಲ. ತಮ್ಮ ಕೈಯೇ ತಪ್ಪಿತು ಎಂದುಕೊಂಡು ಅಷ್ಟೂ ವರ್ಷ ಅವರು ಹಾರಿಸುವುದನ್ನು ಬಿಟ್ಟಿದ್ದರು.

ವಿಮಾನ ಎಂದರೆ ಕೂತು ಹೋಗುವಂಥದ್ದಲ್ಲ. ಹಗುರ ಕಟ್ಟಿಗೆಯದು, ರೆಕ್ಕೆ ಒಂದೂವರೆ ಮೀಟರ್, ಕೈಯಲ್ಲಿ ಹಿಡಿದ ರೇಡಿಯೋ ಪೆಟ್ಟಿಗೆಯಿಂದ ನಡೆಸುವಂಥದ್ದು. ಬಳ್ಳಾರಿಯಲ್ಲಿ ಡಿಪ್ಲೊಮಾ ಓದುವಾಗ ಯಾವುದೋ ಶಿಬಿರದಲ್ಲಿ ಈ ವಿದ್ಯೆ ಅವರಿಗೆ ಅಂಟಿಕೊಂಡಿತ್ತು. ಬೇರೆಯವರಿಗೆ ಶಿಬಿರದಲ್ಲಿ ನೆಗಡಿ ಅಂಟುತ್ತದೆ, ಅದು ಹೋಗುತ್ತದೆ.

ಅಳತೆಯ ಸರಪಳಿ ಹಿಡಿದು ಹೋದ ಊರಿನಲ್ಲಿ ಅವರು ಚಹಾ ಕುಡಿಯುತ್ತಿರಲಿಲ್ಲ. ಬುತ್ತಿ ಮನೆಯಿಂದ, ನೀರೂ ಮನೆಯಿಂದ. ಒಮ್ಮೆ ಮಂಗಳೂರಿಗೆ ಅಣ್ಣತಮ್ಮಂದಿರ ಬದುವಿನ ಜಗಳಕ್ಕೆ ಹೋಗಿದ್ದೆವು. ಕಡಲ ಕಡೆಯದಲ್ಲ, ನಮ್ಮ ಯಲಬುರ್ಗಾದ ಮಂಗಳೂರು. ಅಣ್ಣನಾದವನು ಕಪ್ಪು ಬಸಿ ಹಿಡಿದುಕೊಂಡು ಬಂದ.

"ಬ್ಯಾಡ್ರಿ" ಅಂದರು ಸಾಹೇಬರು.

"ಯಾಕ್ರಿ ಸಾಹೇಬ್ರ, ಸಕ್ಕರಿ ಕಾಯಿಲೆ ಐತೇನ್ರಿ?"

"ನನಗಿಲ್ರಿ, ಸರಪಳಿಗೆ ಐತಿ. ನಾ ಚಾ ಕುಡದ್ರ ಅದು ಉದ್ದ ಆಗತೈತಿ."

ಅಣ್ಣನಿಗೆ ಅರ್ಥವಾಗಲಿಲ್ಲ. ಬದುವಿನ ಆಚೆ ನಿಂತಿದ್ದ ತಮ್ಮನಿಗೆ ಅರ್ಥವಾಗಿ ಅವನು ಬೆಳಗಿನಿಂದ ಮೊದಲ ಸಲ ನಕ್ಕ.

ಅಳತೆ ಮುಗಿದ ಮೇಲೆ ಪಂಚನಾಮೆ ಬರೆಯುವುದು ನನ್ನ ಕೆಲಸ, ನನ್ನ ಅಕ್ಷರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ. ಪಂಚರಿಬ್ಬರು ಸಾಕ್ಷಿ ಹಾಕಬೇಕು. ಕೊನೆಗೆ 'ತಕರಾರು' ಎಂಬ ಒಂದು ಕಾಲಂ. ಬಾಜೂ ಹೊಲದವರು ಅದರಲ್ಲಿ 'ತಕರಾರು ಇಲ್ಲ' ಎಂದು ಬರೆದು ಸಹಿ ಮಾಡುವ ತನಕ ಸಾಹೇಬರ ಪ್ರಕಾರ ಆ ಕೆಲಸ ಮುಗಿದಿಲ್ಲ. ಸಹಿ ಹಾಕಿ ಎಂದು ಯಾರ ಮೇಲೂ ಒತ್ತಡ ತರುತ್ತಿರಲಿಲ್ಲ. ಗಿಡದ ನೆರಳಿನಲ್ಲಿ ಕಾಲು ಮಡಚಿ ಕೂತು ಕಾಯುತ್ತಿದ್ದರು. ಅವರು ಕೂತ ರೀತಿ ನೋಡಿಯೇ ಎಷ್ಟೋ ಜನ ಇವರು ಏಳುವುದಿಲ್ಲ ಎಂದು ತಿಳಿದು ಸಹಿ ಹಾಕಿದ್ದಾರೆ.

ವಾರಕ್ಕೆ ಆರು ದಿನ ಹೀಗೆ. ಏಳನೆಯ ದಿನ ವಿಮಾನ. ಆಗಿನ ಇಂಜಿನ್ನಿಗೆ ಹಾಕುವ ಎಣ್ಣೆಯಲ್ಲಿ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಬೆರೆಸಬೇಕಿತ್ತು. ಹಾರಿಸುವಾಗ ಅದು ಹೊಗೆಯಾಗಿ ಬಂದು ಅಂಗಿಗೆ, ಕೂದಲಿಗೆ ಹತ್ತುತ್ತಿತ್ತು. ಪ್ರತಿ ಸೋಮವಾರ ಸರ್ವೇಯರ್ ಸಾಹೇಬರು ಕಚೇರಿಗೆ ಔಡಲೆಣ್ಣೆ ವಾಸನೆಯೊಂದಿಗೆ ಬರುವುದನ್ನು ಗಮನಿಸಿದ ಹೊಸ ಮೇಲಧಿಕಾರಿಯೊಬ್ಬರು ಅವರನ್ನು ಒಳಗೆ ಕರೆದು ಬಾಗಿಲು ಹಾಕಿ, ಹೊಟ್ಟೆಯ ತೊಂದರೆ ಎಷ್ಟು ದಿನದಿಂದ ಎಂದು ಮೆಲ್ಲಗೆ ಕೇಳಿದರಂತೆ. "ಹತ್ತು ವರ್ಷದಿಂದ್ರಿ" ಎಂದರಂತೆ ಇವರು. ರಜೆ ಬೇಕಿದ್ದರೆ ತೆಗೆದುಕೊಳ್ಳಿ ಎಂದರಂತೆ ಅವರು. ಸಾಹೇಬರು ವಿಷಯ ಬಿಡಿಸಿ ಹೇಳಲಿಲ್ಲ, ರಜೆಯನ್ನೂ ತೆಗೆದುಕೊಳ್ಳಲಿಲ್ಲ.

ಅವರ ಹೆಂಡತಿಯನ್ನು ನಾನು ವೈನಿ ಎನ್ನುತ್ತೇನೆ. ಮಾಳಿಗೆಯ ಮೇಲೆ ವೈನಿ ಹಪ್ಪಳ ಒಣಹಾಕಿದ ಪಕ್ಕದಲ್ಲೇ ಸಾಹೇಬರು ಅಂಟು ಹಚ್ಚಿದ ರೆಕ್ಕೆಗಳನ್ನು ಒಣಹಾಕುತ್ತಿದ್ದರು. ಮೊದಮೊದಲು ವೈನಿ ಸಿಟ್ಟಾದರು. ಆಮೇಲೆ ರೆಕ್ಕೆ ಇದ್ದ ದಿನ ಕಾಗೆ ಬರುವುದಿಲ್ಲವೆಂದು ತಿಳಿಯಿತು. "ಇವತ್ತ ಶ್ಯಾವಿಗಿ ಹಾಕೀನ್ರಿ, ನಿಮ್ಮ ರೆಕ್ಕಿ ಮ್ಯಾಲ ತಂದಿಡ್ರಿ" ಎಂದು ಅವರೇ ಹೇಳುವುದನ್ನು ನಾನು ಕೇಳಿದ್ದೇನೆ. ಆ ಮನೆಯಲ್ಲಿ ವಿಮಾನಕ್ಕೆ ಸಿಕ್ಕ ಮೊದಲ ಮರ್ಯಾದೆ ಅದು.

ನಾನೂ ಅವರ ಹಿಂದೆ ಬಿದ್ದು ಕಲಿಯಲು ಹೊರಟೆ. ಹೈದರಾಬಾದಿನಲ್ಲಿ ಯಾರೋ ಬಳಸಿ ಬಿಟ್ಟ ಒಂದು ರೇಡಿಯೋ ಪೆಟ್ಟಿಗೆ ತರಿಸಿಕೊಂಡೆ. ಇಲ್ಲಿ ಒಂದು ವಿಷಯ ಹೇಳಬೇಕು. ಆಗಿನ ಪೆಟ್ಟಿಗೆಗಳಿಗೆ ಒಂದು ಐಬು ಇತ್ತು. ಪ್ರತಿಯೊಂದಕ್ಕೂ ಒಂದು ನಂಬರು. ಇಬ್ಬರ ನಂಬರು ಒಂದೇ ಆಗಿದ್ದು, ಒಬ್ಬನ ವಿಮಾನ ಮೇಲಿರುವಾಗ ಇನ್ನೊಬ್ಬ ತನ್ನ ಪೆಟ್ಟಿಗೆಯ ಸ್ವಿಚ್ ಹಾಕಿದರೆ, ಮೇಲಿರುವುದಕ್ಕೆ ಯಾರ ಮಾತು ಕೇಳಬೇಕೆಂದು ತಿಳಿಯದೆ ಅದು ಕೆಳಗೆ ಬರುತ್ತದೆ. ನನ್ನ ಪೆಟ್ಟಿಗೆಯ ನಂಬರೂ ಸಾಹೇಬರ ನಂಬರೂ ಒಂದೇ ಆಗಿತ್ತು.

ಅದಕ್ಕೆ ಸಾಹೇಬರು ಒಂದು ಕಾಯಿದೆ ಮಾಡಿದರು. ಬಟ್ಟೆ ಒಣಹಾಕುವ ಒಂದು ಕಟ್ಟಿಗೆಯ ಕ್ಲಿಪ್ಪು. ಅದರ ಮೇಲೆ ವೈನಿಯವರ ಉಗುರುಬಣ್ಣದಿಂದ ಬರೆದ ನಂಬರು. ತಳಕಲ್ ಕಡೆಯ ಮಡ್ಡಿಯಲ್ಲಿ, ಅಂದರೆ ಉತ್ತು ಬಿತ್ತದ ಗಟ್ಟಿ ನೆಲದಲ್ಲಿ, ನಾವು ಹಾರಿಸುತ್ತಿದ್ದೆವು. ಅಲ್ಲಿ ಒಂದು ಜಾಲಿಗಿಡ. ಕ್ಲಿಪ್ಪು ಅದರ ಟೊಂಗೆಯ ಮೇಲೆ ಇರಬೇಕು. ಹಾರಿಸುವವನು ಅದನ್ನು ತೆಗೆದು ಅಂಗಿಗೆ ಸಿಕ್ಕಿಸಿಕೊಳ್ಳಬೇಕು. ಅಂಗಿಯ ಮೇಲೆ ಕ್ಲಿಪ್ಪು ಇಲ್ಲದವನು ಸ್ವಿಚ್ ಮುಟ್ಟಬಾರದು. ದೊಡ್ಡ ಊರುಗಳಲ್ಲೂ ಇದೇ ರೂಢಿಯಂತೆ. ಅಲ್ಲಿ ಹಾರಿಸುವವರು ಇಪ್ಪತ್ತು ಮಂದಿ ಇರುತ್ತಾರೆ, ನಾವು ಇದ್ದದ್ದು ಇಬ್ಬರು. ಇಬ್ಬರಲ್ಲಿ ಒಬ್ಬ ಕಾಯಿದೆ ಮುರಿದ.

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ. ಸಾಹೇಬರು ನಾಲ್ಕು ತಿಂಗಳು ಕೂತು ಕಟ್ಟಿದ ಹಳದಿ ವಿಮಾನ ಮೇಲೆ ಸುತ್ತುತ್ತಿತ್ತು. ಕ್ಲಿಪ್ಪು ಅವರ ಅಂಗಿಯ ಮೇಲಿತ್ತು. ನಾನು ಅವರ ಹಿಂದೆ ದೂರದಲ್ಲಿ ಜಾಲಿಗಿಡದ ಕೆಳಗೆ ಕೂತು ನನ್ನ ಪೆಟ್ಟಿಗೆಗೆ ಹೊಸ ಸೆಲ್ಲು ಹಾಕುತ್ತಿದ್ದೆ. ಹಾಕಿದ ಮೇಲೆ ಪೆಟ್ಟಿಗೆಯ ಮೀಟರಿನ ಮುಳ್ಳು ಏಳುತ್ತದೋ ಇಲ್ಲವೋ ನೋಡಬೇಕೆನ್ನಿಸಿತು. ಸ್ವಿಚ್ ಹಾಕಿದೆ. ಮುಳ್ಳು ಎದ್ದಿತು. ಖುಷಿಯಾಯಿತು. ತಲೆ ಎತ್ತಿ ನೋಡಿದರೆ ವಿಮಾನ ಮೂಗು ಕೆಳಗೆ ಮಾಡಿಕೊಂಡು ಬರುತ್ತಿತ್ತು. ಸ್ವಿಚ್ ತೆಗೆದೆ. ಅಷ್ಟರಲ್ಲಿ ಅದು ನೆಲ ಸೇರಿ ಆಗಿತ್ತು.

ಕುರಿ ಕಾಯುವ ಯಮನಪ್ಪ ಎಲ್ಲರಿಗಿಂತ ಮೊದಲು ಓಡಿಬಂದ. "ಇಮಾನ ಸತ್ತತೇನ್ರಿ?" ಅಂದ. ಸಾಹೇಬರು ತಮ್ಮ ಎರಡೂ ಹೆಬ್ಬೆರಳುಗಳನ್ನು ನೋಡಿಕೊಳ್ಳುತ್ತಿದ್ದರು.

"ಕೈ ತಪ್ಪಿತ್ರಿ" ಅಂದರು ನನಗೆ.

"ಹೌದಾ" ಅಂದೆ.

ಹದಿನೆಂಟು ವರ್ಷ ನನ್ನ ಬೆನ್ನು ಬಿಡದಿದ್ದದ್ದು ಆ ಒಂದು 'ಹೌದಾ'. ಅಲ್ಲೇ ಹೇಳಬಹುದಿತ್ತು. ಸಂಜೆ ಹೇಳೋಣವೆಂದುಕೊಂಡೆ. ಸಂಜೆ ವೈನಿ ಅವಲಕ್ಕಿ ಕೊಟ್ಟರು, ತಿಂದೆ. ಮರುದಿನ ಹೇಳೋಣವೆಂದರೆ ಕಚೇರಿಯಲ್ಲಿ ಜನ. ವಾರ ಕಳೆದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವುದಕ್ಕೂ ಒಂದು ಉತ್ತರ ಬೇಕಾಯಿತು. ಅದು ಸಿಗುವುದರೊಳಗೆ ನನಗೆ ಗಂಗಾವತಿಗೆ ವರ್ಗವಾಯಿತು. ಹೇಡಿಗೆ ಸರ್ಕಾರವೂ ಸಹಾಯ ಮಾಡುತ್ತದೆ. ನನ್ನ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಕೆಳಗೆ ತಳ್ಳಿದೆ.

ವಿಮಾನ ಬಿದ್ದ ಮರುವಾರ ಸಾಹೇಬರು ಒಬ್ಬರೇ ಮಡ್ಡಿಗೆ ಹೋಗಿ ಆ ಜಾಗದಲ್ಲಿ ಒಂದು ಹದ್ದುಗಲ್ಲು ಹುಗಿದು ಬಂದರು. ಸರ್ವೇಯರ್ ಆದವರಿಗೆ ಒಂದು ಜಾಗ ಮುಖ್ಯವಾಯಿತು ಎಂದರೆ ಅಲ್ಲಿ ಕಲ್ಲು ಹುಗಿಯುವುದು ಬಿಟ್ಟು ಬೇರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ವಿಮಾನದ ಚೂರುಗಳನ್ನೂ ಕ್ಲಿಪ್ಪನ್ನೂ ಟ್ರಂಕಿಗೆ ಹಾಕಿ ಅಟ್ಟಕ್ಕೆ ಏರಿಸಿದರು.

ಅದರ ಪರಿಣಾಮ ತಾಲ್ಲೂಕಿನ ರೈತರ ಮೇಲೂ ಆಯಿತು. ಅವತ್ತಿನಿಂದ ಅವರು ಪ್ರತಿ ಹೊಲವನ್ನೂ ಎರಡು ಸಲ ಅಳೆಯತೊಡಗಿದರು. ಯಾರೋ ಯಾಕೆಂದು ಕೇಳಿದ್ದಕ್ಕೆ, "ಮೊದಲನೇದು ಹೊಲದ ಅಳತಿ, ಎರಡನೇದು ನನ್ನ ಕೈಯಿ ಅಳತಿ" ಅಂದರಂತೆ. ಬಿಸಿಲಿನಲ್ಲಿ ಸರಪಳಿ ಹಿಡಿದು ಎರಡೆರಡು ಸಲ ನಡೆದವರು ಅವರನ್ನು ಎಷ್ಟು ಬೈದುಕೊಂಡಿದ್ದಾರೋ. ಬೈಗುಳ ನನಗೆ ಸೇರಬೇಕಿತ್ತು. ಆದರೆ ಒಂದು ಮಾತು, ಆ ಹದಿನೆಂಟು ವರ್ಷದ ನಕ್ಷೆಗಳಲ್ಲಿ ಒಂದು ಗೇಣೂ ಹೆಚ್ಚುಕಡಿಮೆಯಿಲ್ಲ.

ಅವರ ನಿವೃತ್ತಿಗೆ ಕೆಲವು ತಿಂಗಳಿರುವಾಗ ಹಳ್ಳಿಗಳ ಅಳತೆಗೆ ಡ್ರೋನ್ ಬಂತು. ನಾನೂ ಅಷ್ಟರಲ್ಲಿ ಕೊಪ್ಪಳಕ್ಕೆ ಬಂದಿದ್ದೆ, ನೋಡಲು ಹೋಗಿದ್ದೆ. ಊರವರು ಮನೆಮನೆಯ ಸುತ್ತ ಸುಣ್ಣದ ಗೆರೆ ಎಳೆದಿದ್ದರು. ಸಾಹೇಬರಿಗೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ಅದು ಊಟದ ಹೊತ್ತಿಗೆ ಮುಗಿಸಿತು. ಎಲ್ಲರೂ ಸಾಹೇಬರ ಮುಖ ನೋಡುತ್ತಿದ್ದರು. ಸಾಹೇಬರಿಗೆ ಬೇಕಾಗಿದ್ದದ್ದು ಬೇರೆ. ಅದನ್ನು ನಡೆಸುತ್ತಿದ್ದವನ ಹತ್ತಿರ ಹೋಗಿ, "ಕೈ ಬಿಟ್ರೂ ಅಲ್ಲೇ ನಿಂದ್ರತೈತೇನ್ರಿ?" ಎಂದು ಕೇಳಿದರು.

"ಹೌದ್ರಿ ಸರ. ಕೈ ತಪ್ಪಿದ್ರೂ ಬೀಳೂದಿಲ್ಲ."

ಸಾಹೇಬರು ಸ್ವಲ್ಪ ಹೊತ್ತು ಮೇಲೆ ನೋಡಿದರು. ವಾಪಸ್ ಬರುವಾಗ ಬಸ್ಸಿನಲ್ಲಿ, "ಬೀಳೂದಿಲ್ಲ ಅಂದ್ರ ಅದೇನು ಹಾರೂದ್ರಿ? ಗೂಟಕ್ಕ ತೂಗಹಾಕಿದಂಗ ಐತಿ" ಅಂದರು. ಆ ವಾರವೇ ನಿಚ್ಚಣಿಕೆ ಹಾಕಿ ಅಟ್ಟ ಹತ್ತಿದರಂತೆ.

ಟ್ರಂಕಿನಲ್ಲಿ ಇಲಿ ಒಂದು ರೆಕ್ಕೆಯ ಅರ್ಧ ತಿಂದಿತ್ತು. ಇಂಜಿನ್ನಿನೊಳಗೆ ಔಡಲೆಣ್ಣೆ ಅಂಟಾಗಿ ಹೆಪ್ಪುಗಟ್ಟಿತ್ತು. ಅದನ್ನು ಬಿಡಿಸಲು ಸಾಹೇಬರು ವೈನಿಯವರ ಹಾಲಿನ ಪಾತ್ರೆಯಲ್ಲಿ ಇಂಜಿನ್ನನ್ನು ಕುದಿಸಿದರು. ಇಂಜಿನ್ನು ತಿರುಗಿತು, ಆದರೆ ಹೊತ್ತಿಕೊಳ್ಳಲಿಲ್ಲ, ಪಾತ್ರೆಯೂ ಕೆಲಸಕ್ಕೆ ಬಾರದಾಯಿತು. ಕೊನೆಗೆ ಈಗಿನ ರೂಢಿಯಂತೆ ಬ್ಯಾಟರಿಯಿಂದ ನಡೆಯುವ ಮೋಟಾರನ್ನೇ ತರಿಸಿದರು. ಹೊಗೆಯಿಲ್ಲ, ವಾಸನೆಯಿಲ್ಲ. "ಉಪ್ಪು ಹಾಕದ ಸಾರಿನಂಗ ಐತಿ" ಎಂದು ಬೇಜಾರು ಪಟ್ಟುಕೊಂಡರು. ಪೊಲೀಸ್ ಠಾಣೆಗೆ ಹೋಗಿ, ತಾವು ಇಂಥ ಮಡ್ಡಿಯಲ್ಲಿ ಇಂಥ ವಿಮಾನ ಹಾರಿಸುವವರಿದ್ದೇವೆ ಎಂದು ಬರೆದುಕೊಟ್ಟು, ಅದು ಮುಟ್ಟಿತೆಂದು ಠಾಣೆಯ ಮೊಹರು ಹಾಕಿಸಿಕೊಂಡು ಬಂದರು. ಹಳದಿ ವಿಮಾನವನ್ನು ಮೊದಲಿನ ಅಳತೆಗೇ ಮತ್ತೆ ಕಟ್ಟಿದರು.

ಹೊಸ ರೇಡಿಯೋ ಪೆಟ್ಟಿಗೆ ಬಂದಾಗ ಅದರ ಇಂಗ್ಲಿಷ್ ಪುಸ್ತಕವನ್ನು ಓದಿ ಹೇಳಲು ನನ್ನನ್ನು ಕರೆದರು. ಓದುತ್ತ ಓದುತ್ತ ಒಂದು ಸಾಲಿಗೆ ಬಂದು ನಿಂತೆ. ಈಗಿನ ಪೆಟ್ಟಿಗೆಗಳಿಗೆ ಆ ಹಳೆಯ ಐಬು ಇಲ್ಲ. ಒಂದು ಪೆಟ್ಟಿಗೆ, ಒಂದು ವಿಮಾನ. ಪಕ್ಕದಲ್ಲಿ ಹತ್ತು ಜನ ಸ್ವಿಚ್ ಹಾಕಿದರೂ ಏನೂ ಆಗುವುದಿಲ್ಲ.

"ಅಂದ್ರ ಇನ್ನ ಕ್ಲಿಪ್ಪು ಬ್ಯಾಡ" ಅಂದರು ಸಾಹೇಬರು.

"ಬ್ಯಾಡ್ರಿ ಸರ."

"ಇರ್ಲಿ. ಕಾಯಿದೆ ಅಂದ್ರ ಕಾಯಿದೆ."

ಹೀಗಾಗಿ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ಹುಡುಕಿದರೂ ಇನ್ನೊಬ್ಬ ಹಾರಿಸುವವನು ಇಲ್ಲವೆಂದು ಗೊತ್ತಿದ್ದರೂ, ಅವರು ಪ್ರತಿ ಭಾನುವಾರ ಅದೇ ಜಾಲಿಗಿಡಕ್ಕೆ ಅದೇ ಕ್ಲಿಪ್ಪು ಹಾಕಿ, ಎರಡು ಹೆಜ್ಜೆ ಹಿಂದೆ ಬಂದು, ಮತ್ತೆ ಮುಂದೆ ಹೋಗಿ ಅದನ್ನು ತೆಗೆದು ಅಂಗಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ನಾನು ನೆಲ ನೋಡುತ್ತಿದ್ದೆ.

ಮಡ್ಡಿ ಬದಲಾಗಿತ್ತು. ದೂರದ ದಿಬ್ಬದ ಮೇಲೆ ದೊಡ್ಡ ಗಾಳಿ ಪಂಕಗಳು ಬಂದಿದ್ದವು. ಮೊದಲು ಗಾಳಿಯ ದಿಕ್ಕು ತಿಳಿಯಲು ಒಂದು ಹಿಡಿ ಮಣ್ಣು ತೂರುತ್ತಿದ್ದೆವು, ಈಗ ತಲೆ ಎತ್ತಿದರೆ ಸಾಕು. ಯಮನಪ್ಪನೂ ಇದ್ದ. ಮೀಸೆ ಬೆಳ್ಳಗಾಗಿತ್ತು, ಹದ್ದುಗಲ್ಲಿನ ಮೇಲೆ ಕೂತು ಕುರಿ ಕಾಯುತ್ತಿದ್ದ. ಹದಿನೆಂಟು ವರ್ಷ ಕೂತು ಕೂತು ಕಲ್ಲಿನ ತಲೆ ನುಣುಪಾಗಿತ್ತು.

ವಿಮಾನ ಮಾತ್ರ ಹಾರಲಿಲ್ಲ. ಸಾಹೇಬರು ಅದನ್ನು ನೆಲದ ಮೇಲೆ ಓಡಿಸುತ್ತಿದ್ದರು. ಅದು ವೇಗ ಹಿಡಿಯುತ್ತಿತ್ತು, ಬಾಲ ಏಳುತ್ತಿತ್ತು, ಇನ್ನೇನು ಎದ್ದಿತು ಎನ್ನುವಾಗ ಅವರ ಹೆಬ್ಬೆರಳು ಹಿಂದೆ ಸರಿಯುತ್ತಿತ್ತು. ವಿಮಾನ ಜೋಲು ಮುಖ ಹಾಕಿಕೊಂಡು ನಿಲ್ಲುತ್ತಿತ್ತು. "ಗಾಳಿ ಸರಿ ಇಲ್ಲ" ಅನ್ನುವರು. ಗಾಳಿ ಸರಿಯಿದ್ದ ದಿನ "ಬಿಸಿಲು ಕಣ್ಣಿಗೆ ಬಡೀತೈತಿ" ಅನ್ನುವರು. ಮೂರು ತಿಂಗಳು ಹೀಗೇ ನಡೆಯಿತು. ಯಮನಪ್ಪ ಒಂದು ದಿನ ತಡೆಯಲಾರದೆ ಕೇಳಿದ, "ಸಾಹೇಬ್ರ, ಇದು ಹಾರತೈತೋ, ಇಲ್ಲ ಬರೇ ಮೇಯಾಕ ಬಿಟ್ಟೀರೋ?"

ಸಾಹೇಬರು ನಗಲಿಲ್ಲ. ವಿಮಾನವನ್ನು ಎತ್ತಿಕೊಂಡು ಬಂದು ಜಾಲಿಗಿಡದ ಕೆಳಗೆ ಇಟ್ಟು ಕೂತರು.

"ಖರೆ ಹೇಳ್ಯಾನ್ರಿ" ಅಂದರು ನನಗೆ. "ನನ್ನ ಕೈ ಹೋಗೈತಿ. ಅವತ್ತ ಹೋಗೈತಿ, ನಾ ಇಷ್ಟ್ ವರ್ಷ ಸುಮ್ಮನ ಅಟ್ಟದ ಮ್ಯಾಲ ಕಾದಿಟ್ಟೀನಿ. ಬರೂ ವಾರ ಕುಷ್ಟಗಿ ಕಡೆ ಯಾವುದಾರ ಸಾಲಿ ಹುಡುಗರಿಗೆ ಕೊಟ್ಟುಬಿಡ್ತೀನಿ. ಗ್ವಾಡಿಗೆ ತೂಗಹಾಕ್ಲಿ."

ಗೋಡೆಗೆ ತೂಗುಹಾಕುವ ಮಾತು ಅವರ ಬಾಯಿಂದ ಬರಬಾರದಿತ್ತು. ಅವರನ್ನು ನೆಲಕ್ಕೆ ಕಟ್ಟಿಹಾಕಿದ್ದ ಗಂಟು ನನ್ನ ಬಾಯಲ್ಲಿತ್ತು, ಬಿಚ್ಚುವುದಕ್ಕೆ ಒಂದು ವಾಕ್ಯ ಸಾಕಿತ್ತು. ಅದನ್ನು ಹೇಳಿದರೆ ಅವರಿಗೆ ಕೈ ಸಿಗಬಹುದು, ನನಗೆ ಅವರು ಸಿಗಲಿಕ್ಕಿಲ್ಲ. ಹೇಳದಿದ್ದರೆ ಮುಂದಿನ ವಾರ ವಿಮಾನ ಗೋಡೆಗೆ.

"ಸರ, ಅವತ್ತು ನಿಮ್ಮ ಕೈ ತಪ್ಪಿದ್ದಿಲ್ರಿ. ನಾ ಸ್ವಿಚ್ ಹಾಕಿದ್ದೆ."

ಅವರು ತಿರುಗಿ ನೋಡಲಿಲ್ಲ. "ಯಾವತ್ತು?"

"ವಿಮಾನ ಬಿದ್ದ ದಿನ. ಇಲ್ಲೇ ಕುಂತಿದ್ದೆ. ಹೊಸ ಸೆಲ್ ಹಾಕಿದ್ದೆ. ಮುಳ್ಳು ಏಳತೈತೋ ಇಲ್ಲೋ ನೋಡಾಕ..."

"ಕ್ಲಿಪ್ಪು ಎಲ್ಲಿತ್ತು?"

"ನಿಮ್ಮ ಅಂಗಿ ಮ್ಯಾಲಿತ್ರಿ."

"ಎಷ್ಟು ಹೊತ್ತು ಹಾಕಿದ್ರಿ?"

"ಎರಡು ಸೆಕೆಂಡ್ ಇರಬೇಕ್ರಿ."

"ಇರಬೇಕು ಅನ್ನೂದು ಅಳತಿ ಅಲ್ಲ."

"ಮೂರು" ಅಂದೆ. "ಮೂರು ಸೆಕೆಂಡ್ರಿ."

ಅವರು ಎದ್ದು ನಾಲ್ಕು ಹೆಜ್ಜೆ ಆಚೆ ಹೋದರು. ಅಲ್ಲಿ ನಿಂತು ತಮ್ಮ ಹೆಬ್ಬೆರಳುಗಳನ್ನು ನೋಡಿಕೊಂಡರು. ಅವತ್ತಿನ ಹಾಗೆಯೇ. ಆಮೇಲೆ ನನ್ನ ಕಡೆ ತಿರುಗಿದರು. ಮುಖ ಕೆಂಪಾಗಿತ್ತು.

"ಹದಿನೆಂಟು ವರ್ಷ ಈ ಮಾತು ಬಾಯಾಗ ಹೆಂಗ ಇಟ್ಕೊಂಡಿದ್ದಿ ನೀನು? ಎಷ್ಟ್ ಹೊಲ ಎರಡೆರಡು ಸಲ ಅಳದೀನಿ, ಗೊತ್ತೈತೇನು?"

ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೊಂದೇ ಸಲ. "ತಪ್ಪಾತ್ರಿ ಸರ" ಅಂದೆ. ಕಣ್ಣಲ್ಲಿ ನೀರು ಬಂದಿತ್ತು, ಯಮನಪ್ಪ ನೋಡುತ್ತಿದ್ದುದರಿಂದ ಧೂಳು ಎಂದು ತೋರಿಸಲು ಒರೆಸಿಕೊಂಡೆ. ಅವರು ಹೊಡೆದಿದ್ದರೆ ಹಗುರಾಗುತ್ತಿತ್ತು. ಅವರು ಹೊಡೆಯುವ ಪೈಕಿ ಅಲ್ಲ. "ಗಾಡಿ ಡಿಕ್ಕಿಯೊಳಗ ಟೇಪ್ ಐತಿ, ತರ್ರಿ" ಅಂದರು. 'ರಿ' ವಾಪಸ್ ಬಂದಿತ್ತು. ಅದು ಒಳ್ಳೆಯ ಲಕ್ಷಣವೋ ಕೆಟ್ಟ ಲಕ್ಷಣವೋ ತಿಳಿಯಲಿಲ್ಲ.

ನಿವೃತ್ತರಾದರೂ ಟೇಪು ಅವರ ಸ್ಕೂಟರಿನಲ್ಲೇ ಇರುತ್ತಿತ್ತು. ಯಮನಪ್ಪನನ್ನು ಕಲ್ಲಿನ ಮೇಲಿಂದ ಎಬ್ಬಿಸಿದರು. ಟೇಪಿನ ಒಂದು ತುದಿ ಕಲ್ಲಿಗೆ, ಇನ್ನೊಂದು ತುದಿ ನಾನು ಅವತ್ತು ಕೂತಿದ್ದ ಗಿಡದ ಬುಡಕ್ಕೆ. ಟೇಪು ಚಿಕ್ಕದಾಗಿದ್ದರಿಂದ ನಡುವೆ ಎರಡು ಕಡೆ ಗೂಟ ಹೊಡೆದು ಎಳೆದೆವು. ಎಂಬತ್ತೊಂದು ಮೀಟರ್ ಬಂತು. ರೂಢಿಯಂತೆ ನಾನು ಮತ್ತೆ ಕಲ್ಲಿನ ಕಡೆ ಹೊರಟೆ.

"ಎಲ್ಲಿ ಹೊಂಟ್ರಿ?"

"ಎರಡನೇ ಸಲ ಅಳಿಯಾಕ್ರಿ."

"ಯಾಕ? ಬರಾಬರಿ ಐತಿ" ಅಂದರು ಸಾಹೇಬರು, ಟೇಪು ಸುತ್ತುತ್ತ.

ಆಮೇಲೆ ರೇಡಿಯೋ ಪೆಟ್ಟಿಗೆಯ ಜೊತೆ ಬಂದಿದ್ದ ದೊಡ್ಡ ಹಾಳೆಯ ಹಿಂಬದಿಯಲ್ಲಿ ಪಂಚನಾಮೆ ಬರೆಸಿದರು. ಅವರು ಹೇಳಿದರು, ನಾನು ಬರೆದೆ, ಅಕ್ಷರ ಚೆನ್ನಾಗಿದೆ ಎಂಬ ಅದೇ ಕಾರಣಕ್ಕೆ. ತನ್ನ ಅಪರಾಧದ ಪಂಚನಾಮೆಯನ್ನು ಸ್ವಹಸ್ತದಿಂದ ಬರೆದ ಗುಮಾಸ್ತ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. 'ಈ ದಿವಸ ಪಂಚರ ಸಮಕ್ಷಮ ಸ್ಥಳ ತಪಾಸಣೆ ಮಾಡಲಾಗಿ, ಸದರಿ ಹಳದಿ ವಿಮಾನವು ಹಾರಾಟದಲ್ಲಿರುವಾಗ್ಗೆ, ಸದರಿ ಗುಮಾಸ್ತರು ಅಂಗಿಗೆ ಕ್ಲಿಪ್ಪು ಇಲ್ಲದೆ ತಮ್ಮ ಪೆಟ್ಟಿಗೆಯ ಸ್ವಿಚ್ಚನ್ನು ಸುಮಾರು ಮೂರು ಸೆಕೆಂಡ್ ಹಾಕಿದ್ದರಿಂದ...'

"'ಸುಮಾರು' ಹೊಡದು ಹಾಕ್ರಿ."

ಹೊಡೆದು ಹಾಕಿದೆ. ಪಂಚರು ಇಬ್ಬರು ಬೇಕು, ಅಲ್ಲಿದ್ದದ್ದು ಯಮನಪ್ಪ ಒಬ್ಬ. ಅವನಿಗೆ ಪೂರ್ತಿ ಓದಿ ಹೇಳಿದ ಮೇಲೆ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಮಾನ ಬಿದ್ದದ್ದು ಖರೆ. ಇವ್ರು ಗಿಡದ ಬುಡಕ್ಕ ಕುಂತಿದ್ದೂ ಖರೆ. ನನ್ನ ಎರಡು ಸಲ ಬರಕೋರಿ" ಎಂದು ಎರಡು ಕಡೆ ಸಹಿ ಮಾಡಿದ. ನಾನೂ ಸಹಿ ಮಾಡಿದೆ. ಕೊನೆಗೆ ಉಳಿದದ್ದು ತಕರಾರು ಕಾಲಂ.

"ಇದಕ್ಕ ಏನ್ ಬರೀಲ್ರಿ ಸರ?" ಅಂದೆ.

"ಅದನ್ನ ಖಾಲಿ ಬಿಡ್ರಿ. ಅದು ನನ್ನ ಕಾಲಂ. ವಿಚಾರ ಮಾಡ್ತೀನಿ." ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಇಟ್ಟುಕೊಂಡರು.

ಆಮೇಲೆ ಜಾಲಿಗಿಡದಿಂದ ಕ್ಲಿಪ್ಪು ತೆಗೆದು ಅಂಗಿಗೆ ಸಿಕ್ಕಿಸಿಕೊಂಡರು. ವಿಮಾನ ನೆಲದ ಮೇಲೆ ಓಡಿತು. ಬಾಲ ಎದ್ದಿತು. ಹೆಬ್ಬೆರಳು ಹಿಂದೆ ಸರಿಯಲಿಲ್ಲ. ವಿಮಾನ ಎದ್ದಿತು. ಯಮನಪ್ಪ "ಹೋತು ಹೋತು" ಎಂದು ಕೂಗಿದ. ಕುರಿಗಳು ಚೆದುರಿದವು, ಅವನು ಅವುಗಳ ಹಿಂದೆ ಹೋಗಲಿಲ್ಲ. ಹಳದಿ ವಿಮಾನ ಪಂಕಗಳ ಕಡೆ ಹೋಗಿ, ತಿರುಗಿ, ನಮ್ಮ ತಲೆಯ ಮೇಲೆ ದೊಡ್ಡ ಸುತ್ತು ಹಾಕಿತು. ಸಾಹೇಬರ ಮುಖದಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ, ಮನೆಯವಳು ಇದನ್ನು ಓದುವುದಿಲ್ಲವೆಂದು ನಂಬಿದ್ದೇನೆ. ಇಳಿಸುವಾಗ ಒಂದು ಗಾಲಿ ಕಿತ್ತುಹೋಯಿತು. "ಗಾಲಿ ಹಾಕಬಹುದು" ಅಂದರು.

ಮುಂದೆ ಎರಡು ವರ್ಷ ಭಾನುವಾರ ತಪ್ಪಲಿಲ್ಲ. ಕಪಾಟಿನ ಕೆಳಗಿನಿಂದ ನನ್ನ ಪೆಟ್ಟಿಗೆಯನ್ನು ತೆಗೆದು ಎಸೆದು ಹೊಸದು ತಂದೆ. ಕ್ಲಿಪ್ಪು ಒಂದೇ ಇತ್ತು, ಪಾಳಿಯ ಪ್ರಕಾರ ಹಾಕಿಕೊಂಡು ಹಾರಿಸಿದೆವು. ಅವರು ಅಲ್ಲಿ ಇಲ್ಲಿ ಖಾಸಗಿಯಾಗಿ ಅಳತೆಗೆ ಹೋಗುತ್ತಿದ್ದರು. ಆನೆಗೊಂದಿ ಕಡೆಯ ಬಾಳೆತೋಟದವರೊಬ್ಬರು ನನ್ನ ಹತ್ತಿರ ದೂರು ತಂದರು: "ಎರಡೆರಡು ಸಲ ಅಳೀತಾರ ಅಂತ ಹೇಳಿ ಕಳಿಸಿದ್ರಿ, ಒಂದ ಸಲಕ್ಕ ಕಲ್ಲು ಹುಗದು ಹೋದ್ರಲ್ರಿ, ಹೆಂಗ ನಂಬೂದು?" ನಂಬಿ ಎಂದೆ.

ಆದರೆ ಆ ಕಾಲಂ ನನ್ನನ್ನು ಬಿಡಲಿಲ್ಲ. ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಮೆಲ್ಲಗೆ ಕೇಳುತ್ತಿದ್ದೆ.

"ಸರ, ಆ ಪಂಚನಾಮೆ..."

"ವಿಚಾರಣಾ ನಡದೈತ್ರಿ" ಅನ್ನುತ್ತಿದ್ದರು, ಮೇಲೆ ನೋಡುತ್ತ. ಸರ್ಕಾರಿ ಕಡತವೊಂದನ್ನು ಹೊರಗಿನಿಂದ ಕಾಯುವುದು ಎಂದರೇನು ಎಂದು ಮೂವತ್ತು ವರ್ಷ ನೌಕರಿ ಮಾಡಿದ ಮೇಲೆ ನನಗೆ ತಿಳಿಯಿತು.

ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ನಾನು ಮಣ್ಣಿಗೆ ಹೋಗಿ ಬಂದೆ. ಅಳಲಿಲ್ಲ. ಕಾಲಂ ಖಾಲಿಯೇ ಉಳಿಯಿತಲ್ಲ ಎಂಬ ಒಂದೇ ಮಾತು ತಲೆಯಲ್ಲಿತ್ತು, ಅದಕ್ಕೆ ನಾಚಿಕೆಯೂ ಆಯಿತು.

ತಿಂಗಳ ಮೇಲೆ ವೈನಿ ಫೋನ್ ಮಾಡಿದರು. "ಬಂದು ನಿಮ್ಮ ವಿಮಾನದ ಸಾಮಾನು ತಗೊಂಡು ಹೋಗ್ರಿ. ಒಂದು ರೆಕ್ಕಿ ಮಾತ್ರ ಬಿಟ್ಟು ಹೋಗ್ರಿ, ಕಾಗಿ ಭಾಳ ಆಗ್ಯಾವ." ಹೋದೆ. ಇಲಿ ಅರ್ಧ ತಿಂದಿದ್ದ ಹಳೆಯ ರೆಕ್ಕೆಯನ್ನು ಅವರಿಗೆ ಮಾಳಿಗೆಯ ಮೇಲೆ ಇಟ್ಟುಕೊಟ್ಟೆ. ಟ್ರಂಕನ್ನು ನನ್ನ ಗಾಡಿಯ ಹಿಂದಿನ ಸೀಟಿಗೆ ಕಟ್ಟಿಕೊಂಡು ಬಂದೆ.

ಮುಂದಿನ ಭಾನುವಾರ ಮಡ್ಡಿಯಲ್ಲಿ ಅದನ್ನು ತೆರೆದೆ. ಹಳದಿ ವಿಮಾನದ ಕೆಳಗೆ, ನಾಲ್ಕು ಮಡಿಕೆಯ ಹಾಳೆ. ಬಿಚ್ಚಿದೆ. ಮೇಲೆಲ್ಲ ನನ್ನ ಅಕ್ಷರ. ಯಮನಪ್ಪನ ಎರಡು ಸಹಿ. ಕೆಳಗೆ ತಕರಾರು ಕಾಲಮ್ಮಿನಲ್ಲಿ, ಗುಂಡಗಿನ, ಸ್ವಲ್ಪವೂ ಅವಸರವಿಲ್ಲದ ಅಕ್ಷರದಲ್ಲಿ, 'ತಕರಾರು ಇಲ್ಲ' ಎಂದಿತ್ತು. ಪಕ್ಕದಲ್ಲಿ ಸಹಿ. ಸಹಿಯ ಕೆಳಗೆ ತಾರೀಕು. ನಾನು ತಾರೀಕನ್ನು ಎರಡು ಸಲ ಓದಿದೆ. ಅದು ಅದೇ ಭಾನುವಾರದ್ದು, ಪಂಚನಾಮೆ ಬರೆದ ದಿನದ್ದು.

ಅವತ್ತೇ ಮನೆಗೆ ಹೋಗಿ ಬರೆದಿಟ್ಟು, ಎರಡು ವರ್ಷ ನನ್ನನ್ನು ಕಾಯಿಸಿದ್ದರು. ನಾನು ಅವರನ್ನು ಹದಿನೆಂಟು ವರ್ಷ ನೆಲದ ಮೇಲೆ ಇರಿಸಿದ್ದೆ. ನಗು ಬಂತು, ಅದರ ಹಿಂದೆಯೇ ಮಣ್ಣಿನ ದಿನ ಬರದಿದ್ದ ಅಳುವೂ ಬಂತು. ಯಮನಪ್ಪ ಕಲ್ಲಿನ ಮೇಲಿಂದ, "ಧೂಳು ಭಾಳ ಐತ್ರಿ ಇವತ್ತು" ಅಂದ.

ಹಾಳೆ ಮಡಚಿ ಒಳಜೇಬಿನಲ್ಲಿಟ್ಟೆ. ಕ್ಲಿಪ್ಪನ್ನು ಜಾಲಿಗಿಡಕ್ಕೆ ಹಾಕಿ, ಎರಡು ಹೆಜ್ಜೆ ಹಿಂದೆ ಬಂದು, ಮತ್ತೆ ಹೋಗಿ ತೆಗೆದು ಅಂಗಿಗೆ ಸಿಕ್ಕಿಸಿಕೊಂಡೆ. ಆಮೇಲೆ ಸ್ವಿಚ್ ಹಾಕಿದೆ.